ಕರ್ಮಣಿ ಪ್ರಯೋಗ

ಚಿಕ್ಕಬಳ್ಳಾಪುರದ ಸೆಷನ್ಸ್ ಕೋರ್ಟಿನಲ್ಲಿ
ಹದಿನಾಲ್ಕು ವರ್ಷದಿಂದ ನಾನು ಬೆರಳಚ್ಚುಗಾರ್ತಿ.
ಹೇಳಿದ್ದನ್ನು ಹೊಡೆಯುತ್ತೇನೆ.
ಯಾರು ಯಾರಿಗೆ ಹೊಡೆದರು ಎಂಬುದು
ನನ್ನ ವಿಭಾಗವಲ್ಲ.

ಆ ಜುಲೈ ಒಂದರಂದು ಕಲಮುಗಳ ನಂಬರು ಬದಲಾದವು.
ಮನುಷ್ಯರನ್ನು ಸಾಗಿಸಿ ಮಾರುವುದಕ್ಕೆ
ಮುನ್ನೂರ ಎಪ್ಪತ್ತು ಇದ್ದದ್ದು ನೂರ ನಲವತ್ತಮೂರಾಯಿತು.
ಮೇಜಿನ ಗಾಜಿನಡಿ ಪಟ್ಟಿ ಇಟ್ಟುಕೊಂಡಿದ್ದೇನೆ,
ಎಡಕ್ಕೆ ಹಳೆಯದು, ಬಲಕ್ಕೆ ಹೊಸದು,
ಮನೆ ಬದಲಿಸಿದವರ ವಿಳಾಸದ ಹಾಗೆ.

ಇವಳ ಕೈ ಬೆಂದದ್ದು ಜುಲೈಗೆ ಮೊದಲು.
ಆದ್ದರಿಂದ ಹಳೆಯ ನಂಬರೇ.

ಪ್ರಾ.ಸಾ. ಒಂದು. ಹೆಸರು ಹೊರಗೆ ಹೇಳುವಂತಿಲ್ಲ, ಹೇಳುವುದಿಲ್ಲ.
ಗುರುಮಠಕಲ್ ಕಡೆಯವಳು. ಈಗ ಹದಿನೇಳು.
ಶಿಡ್ಲಘಟ್ಟದ ರೀಲಿಂಗ್ ಮನೆಯೊಂದರಲ್ಲಿ
ಎರಡು ವರ್ಷ ಏಳು ತಿಂಗಳು.

ಆರೋಪಿಯ ಮುಖ ಕಾಣದ ಹಾಗೆ ಸಾಕ್ಷಿಗೆ ಪರದೆ ಕಟ್ಟಬೇಕೆಂದು
ಆದೇಶ ಬಂದಿತ್ತು, ಬೋರ್ಡೂ ಬಂದಿತ್ತು,
ಪರದೆ ಬಂದಿರಲಿಲ್ಲ.
ನಮ್ಮ ಮನೆಯ ಬೆಡ್‌ಶೀಟು ತಂದೆ. ನೀಲಿ, ಮೂಲೆಯಲ್ಲಿ ನವಿಲು.
ಅಟೆಂಡರ್ ಪಿಳ್ಳಪ್ಪ ಮೊಳೆ ಹೊಡೆದ.
ನವಿಲಿನಾಚೆ ಆರೋಪಿ ಕೆಮ್ಮಿದ.
ಈಚೆ ಇವಳ ಮಾತು ನಿಂತಿತು.
ಕೆಮ್ಮಿಗೆ ಪರದೆ ಕಟ್ಟುವ ಕಲಮು
ನನ್ನ ಪಟ್ಟಿಯ ಎರಡೂ ಕಡೆ ಇಲ್ಲ.

ನೀರು ಕುಡಿದು ಹೇಳಿದಳು:
"ನೀರು ಕುದಿಲಾಕತ್ತಿತ್ತು. ಎಳಿ ಸಿಗವಲ್ದು ಅಂದೆ.
ಅಂವ ನನ್ನ ಕೈ ಹಿಡದು ಒಳಗ ಅದ್ದಿದ."

ನನ್ನ ಬೆರಳು ತಾನಾಗಿ ಓಡಿತು, ರೂಢಿ:
"ಸಾಕ್ಷಿಯ ಕೈಯನ್ನು ಬಿಸಿನೀರಿನಲ್ಲಿ ಅದ್ದಲಾಯಿತು."

ಅದ್ದಲಾಯಿತು.
ಎಂಟನೇ ತರಗತಿಯಲ್ಲಿ ಕನ್ನಡ ಮೇಡಂ ಬರೆಸುತ್ತಿದ್ದರು:
ಕರ್ತರಿಯನ್ನು ಕರ್ಮಣಿಗೆ ಬದಲಿಸಿರಿ.
ರಾಮನು ಮರವನ್ನು ಕಡಿದನು.
ರಾಮನಿಂದ ಮರವು ಕಡಿಯಲ್ಪಟ್ಟಿತು.
'ರಾಮನಿಂದ' ಬಿಟ್ಟರೆ ಅರ್ಧ ಅಂಕ ಕಳೆಯುತ್ತಿದ್ದರು.
ಇಲ್ಲಿ ಯಾರೂ ಕಳೆಯುವುದಿಲ್ಲ.
ಟೆಂಪೋದಲ್ಲಿ ಕರೆತರಲಾಯಿತು. ಹೊರಗಿನಿಂದ ಬೀಗ ಹಾಕಲಾಯಿತು.
ಕೂಲಿ ಕೊಡಲಾಗಲಿಲ್ಲ.
ಯಾರೂ ಇಲ್ಲದ ಊರಿನಲ್ಲಿ
ಎಲ್ಲವೂ ತಾನಾಗಿಯೇ ಆಗಿಬಿಟ್ಟಿತ್ತು.

ನ್ಯಾಯಾಧೀಶರು ಕನ್ನಡಕ ತೆಗೆದರು.
"ಅವಳು ಹೇಳಿದ್ದು ಹಾಗಲ್ಲ. ಹೇಳಿದ ಹಾಗೇ ಹೊಡಿಯಮ್ಮ."
ಅಳಿಸಿದೆ. ಹೊಡೆದೆ.
ಅಂವ.
ನಮ್ಮ ಕಡೆಯ ಕನ್ನಡವಲ್ಲ. ಇರಲಿ.

ನಾನೂ ಶಿಡ್ಲಘಟ್ಟದವಳೇ.
ಬೆಳಗಿನ ಜಾವಕ್ಕೇ ಚರಕದ ಸದ್ದು, ಗೂಡು ಬೇಯುವ ವಾಸನೆ,
ಅದು ಅಭ್ಯಾಸವಾದವರಿಗೆ ವಾಸನೆಯೇ ಅಲ್ಲ.
ಎದುರಿನ ರೀಲಿಂಗ್ ಮನೆಯಿಂದ ಒಂದು ಹುಡುಗಿ
ಉಪ್ಪು ಕೇಳಲು ಬರುತ್ತಿದ್ದಳು. ಬೆರಳೆಲ್ಲ ಬೆಳ್ಳಗೆ ಸುಕ್ಕು.
ಬಟ್ಟೆ ಒಗೆದು ಬಂದಿರಬೇಕು ಅಂದುಕೊಂಡೆ.
ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಆರೋಪಿಯ ವಕೀಲರು ಎದ್ದರು, ಮೆದು ಮಾತಿನವರು.
"ಇಪ್ಪತ್ತೈದು ಸಾವಿರ ಮುಂಗಡ ತಗೊಂಡು ನಿಮ್ಮಪ್ಪ
ಈ ಹಾಳೆಗೆ ಹೆಬ್ಬೆಟ್ಟು ಒತ್ತಿದ್ದು ನಿಜ ತಾನೇ?"
"ನಮ್ಮಪ್ಪ ಸತ್ತು ಆಗಲೇ ಮೂರು ವರ್ಷ ಆಗಿತ್ರಿ."
ಹೆಬ್ಬೆಟ್ಟು ಮಾತ್ರ ಚೆನ್ನಾಗಿ ಮೂಡಿತ್ತು,
ಸುಳಿ ಸುಳಿಯಾಗಿ, ಎಣಿಸಬಹುದಾದ ಗೆರೆಗಳು.

ಸಂಜೆ ನಾಲ್ಕಕ್ಕೆ ಹೇಳಿಕೆ ಓದಿ ಹೇಳಿದೆ.
"ಸರಿ ಐತ್ರಿ" ಅಂದಳು.
ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿದರೆ
ಹಾಳೆಯ ಮೇಲೆ ಬರೀ ನೀಲಿ ಮಚ್ಚೆ.
ಇನ್ನೊಮ್ಮೆ. ಆಮೇಲೆ ಬಲಗೈಯದು.
ಗೆರೆಯಿಲ್ಲ.
"ಇದು ಯಾರದಾದರೂ ಆಗಬಹುದಲ್ಲ, ಸ್ವಾಮಿ" ಅಂದರು ವಕೀಲರು.
ನ್ಯಾಯಾಧೀಶರು ಆ ಕೈಗಳನ್ನು ತಿರುಗಿಸಿ, ಮತ್ತೆ ತಿರುಗಿಸಿ ನೋಡಿ
ಕೊನೆಗೊಂದು ಸಾಲು ಹೇಳಿದರು:
ಸಾಕ್ಷಿಯ ಬೆರಳುಗಳಲ್ಲಿ ಗೆರೆ ಉಳಿದಿಲ್ಲದ್ದನ್ನು
ನ್ಯಾಯಾಲಯ ಕಣ್ಣಾರೆ ಕಂಡಿದೆ.
ಹೊಡೆದೆ. ನನ್ನ ಬೆರಳಿನ ಗೆರೆಗಳು
ಕೀಲಿಗಳ ಮೇಲೆ ಬೆವತಿದ್ದವು.

ಮುಂದಿನ ತಾರೀಖು ಆಷಾಢ ಕಳೆದ ಮೇಲೆ.
ಬೆಡ್‌ಶೀಟು ಬಿಚ್ಚಿ ಮಡಿಸಿ
ಆರು ಗಂಟೆಯ ಬಸ್ಸು ಹಿಡಿದೆ.
ರಾತ್ರಿ ಹಾಸುವಾಗ ಮಗ ಕೇಳಿದ:
ನವಿಲಿನ ಕತ್ತಿಗೆ ತೂತು ಹೇಗಾಯ್ತು?
ಮೊಳೆ ಹೊಡೆಯಲಾ—
ಪಿಳ್ಳಪ್ಪ ಹೊಡೆದ, ಅಂದೆ.
ಹೊಡಿ ಅಂದವಳು ನಾನು.